ಲವೀನಾ ಹುಡುಕಿದ ಸಾಲು

ಮಂಗಳೂರಿನಲ್ಲಿ ಈಗೀಗ, ಮುಂದೆ ಹೆಸರಾಗುವ ಹಾಡು ಯಾರೂ ಕಟ್ಟುವ ಮೊದಲೇ ಜನರ ಬಾಯಲ್ಲಿರುತ್ತದೆ. ಬ್ಯಾಂಡಿನವರು ಅದನ್ನು ಊರೆಲ್ಲ ಹೆಕ್ಕಿ ತಂದು ಕೂಡಿಸಬೇಕು. ಮೂವರ ಬ್ಯಾಂಡೊಂದರ ಐವನ್ ಬಸ್ ಕಂಡಕ್ಟರನ ಸಿಳ್ಳೆಯಿಂದ ಗಿಟಾರಿನ ರಾಗ ಹಿಡಿದ. ರೋಶನ್ ಇಗರ್ಜಿಯ ಅಂಗಳದಲ್ಲಿ ಪಲ್ಲವಿ ಬರೆದುಕೊಂಡ. ಡ್ರಮ್ಸ್ ಬಾರಿಸುವ ಲವೀನಾಳಿಗೆ ಮೀನು ಮಾರ್ಕೆಟ್ಟಿನಲ್ಲಿ ತಾಳವೇನೋ ಸಿಕ್ಕಿತು, ಕೊನೆಯ ಸಾಲು ಸಿಗಲಿಲ್ಲ. ಅವಳನ್ನು ಕಂಡೊಡನೆ ಹಾಡುತ್ತಿದ್ದವರೆಲ್ಲ ಬಾಯಿ ಮುಚ್ಚುತ್ತಿದ್ದರು.

ಸಂಜೆ ಐವನ್‌ನ ಗ್ಯಾರೇಜಿನಲ್ಲಿ ಮೂವರೂ ಹಾಡು ಕೂಡಿಸಿದರು. ಕೊನೆಯ ಸಾಲಿಗೆ ಬಂದಾಗ ಗಿಟಾರ್ ನಿಂತಿತು.

"ನಿಮಗೆ ಆ ಸಾಲು ಗೊತ್ತುಂಟಲ್ಲ? ಹೇಳಿ ಮಾರಾಯ್ರೆ," ಎಂದಳು ಲವೀನಾ.

ರೋಶನ್ ನೆಲ ನೋಡಿದ. "ಅದರಲ್ಲಿ ನಿನ್ನ ಹೆಸರುಂಟು. ಸತ್ತವರನ್ನು ಕರೆದ ಹಾಗೆ ಕರೀತಾರೆ."

ಲವೀನಾ ಡ್ರಮ್ಸಿನ ಕೋಲುಗಳನ್ನು ಎತ್ತಿಕೊಂಡಳು.

"ಹಾಗಾದ್ರೆ ನಾನಿರುವಾಗ್ಲೇ ಒಮ್ಮೆ ಸರಿಯಾಗಿ ಬಾರಿಸುವ," ಎಂದು ಒಂದು, ಎರಡು ಎಣಿಸತೊಡಗಿದಳು.