ಸಿಪಾಯಿ ಕಲ್ಲಿನ ಎಡೆ

ಬಂಡಾಯ ಅಡಗಿಸಲು ಬಂದು ಸತ್ತ ಆ ಸಿಪಾಯಿಯನ್ನು ಅವನ ದೊರೆಯೇ ಮರೆತಿದ್ದ. ಈ ಊರು ಮಾತ್ರ ಅವನ ಕಲ್ಲಿಗೆ ನೂರು ವರ್ಷದಿಂದ ತಪ್ಪದೆ ಎಡೆ ಇಡುತ್ತಿತ್ತು. ಇಂಥ ರಾಜನಿಷ್ಠೆಯನ್ನು ಕಂಡು ಸ್ಮಾರಕ ಇಲಾಖೆಯ ಸಾಹೇಬರಿಗೆ ಕಣ್ಣು ತುಂಬಿ ಬಂತು.

“ಇವನನ್ನು ಕೊಂದ ಬಂಡುಕೋರರು ಹೇಳಹೆಸರಿಲ್ಲದಂತೆ ಹೋದರು” ಎಂದು ಅರ್ಧ ಗಂಟೆ ಭಾಷಣ ಬಿಗಿದು, ಎಡೆ ತಂದಿದ್ದ ಮುದುಕಿಗೆ ತಾವೇ ಶಾಲು ಹೊದಿಸಿದರು.

“ಇವನು ನಿಮಗೇನಾಗಬೇಕು, ಅಜ್ಜಿ?”

“ಏನೂ ಆಗಬೇಕಿಲ್ರಿ.”

“ಮತ್ತೆ ಇಷ್ಟೊಂದು ಭಕ್ತಿ?”

“ಭಕ್ತಿ ಎಲ್ಲೀದ್ರಿ ಸಾಹೇಬ್ರ, ಅಂಜಿಕಿ. ಒಂದು ವರ್ಷ ಎಡಿ ತಪ್ಪಿದ್ರ ದೆವ್ವಾಗಿ ಬಂದು ನಮ್ಮ ಮನಿತನಾನ ಕಾಡ್ತಾನ.” ಮುದುಕಿ ಶಾಲು ಸರಿಮಾಡಿಕೊಂಡಳು. “ಇವನ್ನ ಕಡದು ಹಾಕಿದಾಂವ ನಮ್ಮ ಮುತ್ತಜ್ಜ ರೀ.”