ತಮ್ಮನ ಪೆಟ್ಟು

ರೇಸ್ ಶುರುವಾಗುವ ಮೊದಲು ಎಂದಿನಂತೆ ಟೀವಿಯ ಮುಂದೆ ಗಾದಿ ಹಾಸಿ ಮಲಗಿದೆ. ಬೈಕ್ ಓಡಿಸುವವನು ತಮ್ಮ ಗುರುಶಾಂತ. ಬಿದ್ದರೆ ಪೆಟ್ಟು ನನಗೆ. ಪ್ರತಿ ರೇಸರನಿಗೂ ಹೀಗೆ ಅವನ ಪೆಟ್ಟನ್ನು ತಮ್ಮ ಮೈಮೇಲೆ ಹೊರುವ ರಕ್ತಸಂಬಂಧಿಯೊಬ್ಬರು ಮನೆಯಲ್ಲಿ ಇರುತ್ತಾರೆ. ಅಜ್ಜಿಯ ಕತೆಯಲ್ಲಿ ರಾಕ್ಷಸನ ಜೀವ ಗಿಳಿಯೊಳಗಿತ್ತು. ಗಿಳಿಗೆ ಹೇಗನಿಸುತ್ತಿತ್ತು ಎಂದು ಅಜ್ಜಿ ಹೇಳಿರಲಿಲ್ಲ.

ಗುರುಶಾಂತ ಫೋನ್ ಮಾಡಿದ. "ಯಕ್ಕಾ, ಇದೊಂದ ರೇಸ್ ಗೆದ್ರ ಸಾಕಬೇ. ಆಮ್ಯಾಲೆ ಬೈಕ್ ಮುಟ್ಟಂಗಿಲ್ಲ."

"ಹ್ವಾದ ವರ್ಷಾನೂ ಹಿಂಗ ಅಂದಿದ್ದಿ. ತಿರುವಿನ್ಯಾಗ ಹಗೂರಕ ಹೋಗಪಾ."

"ಹಗೂರಕ ಹೋದ್ರ ಗೆಲ್ಲೂದು ಹ್ಯಾಂಗ?"

ಗಂಡ ಮಹಾಂತೇಶ ಚಹಾ ಕೊಡುತ್ತಾ, "ನಿನ್ನ ತಮ್ಮ ಕೇರಂ ಆಡಿದ್ರ ಬರೇ ಬೆರಳು ನೋಯ್ತಿತ್ತು," ಎಂದರು.

ಇನ್ನೆರಡು ಸುತ್ತು ಇರುವಾಗ ತಿರುವಿನಲ್ಲಿ ಬೈಕ್ ಜಾರಿತು. ಗುರುಶಾಂತ ರಸ್ತೆಯ ಮೇಲೆ ಉರುಳಿದ. ನನ್ನ ಎಡಗಾಲಿನ ಮೂಳೆ ಮುರಿದ ಸದ್ದು ಅಡುಗೆಮನೆಯವರೆಗೂ ಕೇಳಿತು.

ಅವನು ಧೂಳು ಕೊಡವಿಕೊಂಡು ಎದ್ದ. ಕ್ಯಾಮೆರಾದತ್ತ ತಿರುಗಿ ಕೈ ಮುಗಿದ, ಅದು ನನಗೆ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

"ಸಾಕೋ ತಮ್ಮಾ," ಎಂದೆ ಪರದೆಗೆ.

ಅವನು ಬೈಕ್ ಎತ್ತಿ ನಿಲ್ಲಿಸಿ ಹತ್ತಿ ಕುಳಿತ. ಮಹಾಂತೇಶ ಇನ್ನೂ ಮುರಿಯದ ನನ್ನ ಬಲಗಾಲಿನ ಕೆಳಗೊಂದು ದಿಂಬು ಇಟ್ಟರು.