ತುಳಸಿ ಪಾತಿಯ ಬೆಕ್ಕುಗಳು

ಮಂಗಮ್ಮ ಬೀಸಿದ ಕಲ್ಲು ಬೆಕ್ಕಿಗೆ ಬೀಳಲಿಲ್ಲ. ನೀರಿನ ಹಂಡೆಗೆ ಬಿದ್ದು ಠಣ್ ಎಂದಿತು. ಬೂದು ಬೆಕ್ಕು ಗೋಡೆ ಹತ್ತಿ, ಒಮ್ಮೆ ತಿರುಗಿ ನೋಡಿ, ಆಚೆ ಮನೆಯ ಗಂಗುಲಮ್ಮನ ಹಿತ್ತಲಿಗೆ ಧುಮುಕಿತು. ತುಳಸಿ ಪಾತಿಯಲ್ಲಿ ಅಂಗೈಯಗಲ ಗುಂಡಿ ಬಿದ್ದಿತ್ತು. ಪಕ್ಕದಲ್ಲಿ ಹಸಿ ಹೇಲು.

"ಕೆಡ್ತಲ್ಲಪ್ಪಾ, ಮತ್ತೆ ಕೆಡ್ತು!" ಮಂಗಮ್ಮ ಅಲ್ಲೇ ಕುಸಿದು ಕೂತಳು. ಅವತ್ತಿಗೆ ಮೂವತ್ತೊಂಬತ್ತನೇ ದಿನ. ಇನ್ನೊಂಬತ್ತು ದಿನ ಕಳೆದಿದ್ದರೆ ಮಂಡಲ ಮುಗಿಯುತ್ತಿತ್ತು.

ಹರಕೆ ಸುಲಭದ್ದಲ್ಲ. ನಲವತ್ತೆಂಟು ದಿನ ಸ್ವಂತ ಹಿತ್ತಲಿನ ತುಳಸಿಯನ್ನೇ ಕೊಯ್ದು ಮನೆದೇವರು ವೆಂಕಟರಮಣನಿಗೆ ಹಾರ ಹಾಕಬೇಕು. ಅಲ್ಲಿಯವರೆಗೆ ಮಾಂಸ, ಮೊಟ್ಟೆ ಹೊಸ್ತಿಲು ದಾಟಬಾರದು. ನಡುವೆ ಪಾತಿ ಮೈಲಿಗೆಯಾಯಿತೋ, ಮತ್ತೆ ಒಂದನೇ ದಿನದಿಂದ ಶುರು. ಬೆಕ್ಕುಗಳು ಈಗಾಗಲೇ ಎರಡು ಸಲ ಕೆಡಿಸಿದ್ದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲ್ಲಿ ಇಲಿಯ ಪಾಡು ಮಂಗಮ್ಮನದಾಗಿತ್ತು. ಪ್ರಾಣ ಮಾತ್ರ ಅವಳದಲ್ಲ, ಮಗಳದು.

ವರಲಕ್ಷ್ಮಿಗೆ ಹತ್ತೊಂಬತ್ತು. ಕ್ಷಯ. ಇದೇ ಕೆಮ್ಮು ಆರು ವರ್ಷದ ಹಿಂದೆ ಅವಳ ಅಕ್ಕನನ್ನು ಕೊಂಡೊಯ್ದಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಸೂಜಿ ಬರೆದುಕೊಟ್ಟು, "ಮೈಯಲ್ಲಿ ಕಸುವಿಲ್ಲದಿದ್ರೆ ಸೂಜಿ ಏನೂ ಮಾಡಲ್ಲ, ಚೆನ್ನಾಗಿ ತಿನ್ನಿಸಿ" ಎಂದಿದ್ದರು.

"ಮಂಡಲ ಮುಗೀಲಿ, ಆಮೇಲೆ ಏನು ಬೇಕಾದ್ರೂ ತಿನ್ನಿಸೋಣ" ಎಂದಿದ್ದಳು ಮಂಗಮ್ಮ.

ಗಂಡ ಚಿಕ್ಕವೆಂಕಟಪ್ಪ ಎದುರಾಡುವ ಆಸಾಮಿಯಲ್ಲ. ಆಯ್ತು ಅಂದ. ದಿನ ಬಿಟ್ಟು ದಿನ ಸಂಜೆ ಶಿಡ್ಲಘಟ್ಟದ ಪೇಟೆಗೆ ಹೋಗಿ ಪಂಡಿತರ ಕಷಾಯವನ್ನು ಹಿತ್ತಾಳೆ ಕ್ಯಾರಿಯರಿನಲ್ಲಿ ತಂದು, ಬಾಗಿಲು ಹಾಕಿಕೊಂಡು ತಾನೇ ಮಗಳಿಗೆ ಕುಡಿಸುತ್ತಿದ್ದ. ಕುಡಿಯುವಾಗ ಯಾರ ಕಣ್ಣೂ ಬೀಳಕೂಡದು ಎಂದು ಪಂಡಿತರ ಕಟ್ಟಪ್ಪಣೆಯಂತೆ. ದೃಷ್ಟಿ ತಾಗದಿರಲಿ ಎಂದು ಮಂಗಮ್ಮನೂ ಕ್ಯಾರಿಯರಿನ ಹಿಡಿಗೆ ಅರಿಸಿನದ ದಾರ ಕಟ್ಟಿದ್ದಳು.

ಹಿತ್ತಲೆಲ್ಲ ಕಲ್ಲುಚಪ್ಪಡಿ. ಮಣ್ಣು ಅಂತ ಇದ್ದದ್ದು ಆ ಪಾತಿಯಲ್ಲಿ ಮಾತ್ರ. ಅದಕ್ಕೇ ಬೆಕ್ಕುಗಳು ಇಲ್ಲಿಗೇ ಬರುತ್ತವೆ ಎಂದು ಅವಳ ಲೆಕ್ಕ. ಜಾಲಿಮುಳ್ಳು ಹೊದಿಸಿದಳು. ಬೇವಿನ ಹಿಂಡಿ ಚೆಲ್ಲಿದಳು. ಒಡೆದ ಹೆಂಚು ನೆಟ್ಟಳು. ಬೆಕ್ಕುಗಳು ಮುಳ್ಳನ್ನೇ ಸರಿಸಿ ಕೆರೆದವು. ಬೆಳಗಿನ ಜಾವ ಪಾತಿ ಕೆದಕಿ ಮಟ್ಟ ಮಾಡುವ ಕೆಲಸವನ್ನು ಗಂಡನೇ ವಹಿಸಿಕೊಂಡಿದ್ದ. "ನೀನು ಮಣ್ಣಿಗೆ ಕೈ ಹಾಕಬೇಡ ಕಣೇ, ನಿನ್ನ ಮಡಿ ಯಾಕೆ ಕೆಡಬೇಕು" ಎನ್ನುತ್ತಿದ್ದ. ಪುಣ್ಯಾತ್ಮ!

ಬೆಕ್ಕು ನಾಲ್ಕೂ ಗಂಗುಲಮ್ಮನವು. ರೇಷ್ಮೆ ಹುಳು ಸಾಕುವವಳು. ಇಲಿ ಬಂದರೆ ತಟ್ಟೆಯ ಹುಳುವೆಲ್ಲ ಖಾಲಿ. ನುಗ್ಗೆಕೊಂಬೆ ಕಡಿದ ಜಗಳದಿಂದ ಎರಡೂ ಮನೆಗೆ ಎರಡು ವರ್ಷ ಮಾತಿರಲಿಲ್ಲ. ಹೋದ ತಿಂಗಳು ಮಂಗಮ್ಮ ಮಾನ ಬಿಟ್ಟು ಗೋಡೆಯ ಹತ್ತಿರ ನಿಂತಿದ್ದಳು.

"ಬೆಕ್ಕು ಕಟ್ಟಿಹಾಕು ಗಂಗುಲಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

"ಬೆಕ್ಕನ್ನ ಯಾರಾದ್ರೂ ಕಟ್ಟಿಹಾಕ್ತಾರೇನಮ್ಮ? ವಾಸನೆ ಇದ್ದ ಕಡೆ ಹೋಗ್ತವೆ. ನಿನ್ನ ಮಗಳು ಎದ್ದು ಓಡಾಡ್ಲಿ, ಆಮೇಲೆ ತಾವೇ ಬರೋದು ಬಿಡ್ತವೆ."

ರೋಗದ ವಾಸನೆ ಅಂದಳಲ್ಲ ಈ ಮುದುಕಿ! ಹೊಟ್ಟೆ ಉರಿಸುವುದಕ್ಕೆ ಇನ್ನೊಂದು ಬೇರೆ. ಯುಗಾದಿ ಮಾರನೇ ದಿನ ಬಿಟ್ಟರೆ ಕೋಳಿ ಕಾಣದ ಗಂಗುಲಮ್ಮ, ಮಂಗಮ್ಮ ಹರಕೆ ಹೊತ್ತ ಮೇಲೆ ದಿನ ಬಿಟ್ಟು ದಿನ ಕೋಳಿ ಸಾರು ಕುದಿಸತೊಡಗಿದ್ದಳು. ಹುಳುವಿಗೆ ಘಾಟು ಆಗದೆಂದು ಒಲೆ ಹೂಡಿದ್ದು ಹೊರಗೆ, ಹಿತ್ತಲ ಮಾಡಿನಡಿ. ಆ ವಾಸನೆ ಗೋಡೆ ಹಾರಿ ಮಗಳ ಕೋಣೆಯೊಳಗೂ ನುಗ್ಗುತ್ತಿತ್ತು.

ಇಷ್ಟಾದರೂ ಮಗಳ ಕೆನ್ನೆಗೆ ಬಣ್ಣ ಬಂದಿತ್ತು. ಕಫದಲ್ಲಿ ರಕ್ತ ನಿಂತು ಹದಿನೈದು ದಿನವಾಗಿತ್ತು. ಸ್ವಾಮಿ ಕಣ್ಣು ಬಿಟ್ಟಿದ್ದ. ಮಂಗಮ್ಮನಿಗೆ ಅದೇ ಹೆದರಿಕೆ: ಹಾರ ತಪ್ಪಿತೆಂದು ಕೊಟ್ಟದ್ದನ್ನು ಕಿತ್ತುಕೊಂಡುಬಿಟ್ಟರೆ?

ಗಂಡ ಆಗಲೇ ಕ್ಯಾರಿಯರ್ ಹಿಡಿದು ಹೋಗಿದ್ದ. ಕಾಯುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಮೈಲಿಗೆ ಮಣ್ಣನ್ನೆಲ್ಲ ತೆಗೆದು ಹೊಸ ಮಣ್ಣು ತುಂಬುತ್ತೇನೆಂದು ತಾನೇ ಗುದ್ದಲಿ ಎತ್ತಿದಳು.

ಮೂರನೇ ಏಟಿಗೆ ಬೆಳ್ಳಗಿನದೇನೋ ಮೇಲೆದ್ದಿತು. ಮೂಳೆ. ಇನ್ನೊಂದು ಏಟಿಗೆ ಇನ್ನಷ್ಟು ಮೂಳೆ, ಮೊಟ್ಟೆಯ ಚಿಪ್ಪು, ಬಟ್ಟೆಯ ಗಂಟೊಂದು. ಗಂಟಿನಲ್ಲೂ ಮೂಳೆ.

ಮಾಟ! ತುಳಸಿಯ ಬುಡದಲ್ಲೇ ಹೂತಿದ್ದಾಳೆ ರಂಡೆ! ದೊಡ್ಡವಳು ಹೋದದ್ದೂ ಇದಕ್ಕೇ, ಚಿಕ್ಕವಳು ಮಲಗಿದ್ದೂ ಇದಕ್ಕೇ.

"ನನ್ನ ಮಕ್ಕಳೇ ಬೇಕಾಗಿತ್ತೇನೇ ನಿಂಗೆ!" ಮೂಳೆಗಳನ್ನು ಸೆರಗಿಗೆ ಬಾಚಿಕೊಂಡು ಎದ್ದಳು.

"ಅಮ್ಮಾ, ಬೇಡ! ಅಲ್ಲಿಗೆ ಹೋಗಬೇಡ ಕಣಮ್ಮ!"

ವರಲಕ್ಷ್ಮಿ ಹಿತ್ತಲ ಬಾಗಿಲು ಹಿಡಿದು ನಿಂತಿದ್ದಳು. ಮೂರು ತಿಂಗಳಿಂದ ಹಾಸಿಗೆ ಬಿಡದ ಹುಡುಗಿ ಯಾರ ಆಸರೆಯೂ ಇಲ್ಲದೆ ಅಲ್ಲಿವರೆಗೆ ನಡೆದು ಬಂದಿದ್ದಳು. ಅದು ಕೂಡ ಮಂಗಮ್ಮನ ಗಮನಕ್ಕೆ ಬರಲಿಲ್ಲ.

"ನೀನು ಒಳಗೆ ಹೋಗು. ಇವತ್ತು ಅವಳಾಯ್ತು, ನಾನಾಯ್ತು."

ಗೋಡೆ ಬಳಸಿ ಓಡಿದಳು. ಗಂಗುಲಮ್ಮನ ಹಿತ್ತಲ ತಡಿಕೆಯನ್ನು ಒದ್ದು ತೆರೆದಳು. ಬೂದು ಬೆಕ್ಕು ಕಾಲ ಸಂದಿಯಲ್ಲಿ ನುಸುಳಿ ಹೋಯಿತು. ಸೆರಗು ಜಾರಿ ಮೂಳೆಗಳು ಒಂದೊಂದಾಗಿ ಕೆಳಗೆ ಉದುರಿದವು.

ಮಾಡಿನಡಿಯ ಒಲೆಯ ಮುಂದೆ ಗಂಗುಲಮ್ಮ ಕೋಳಿ ಸಾರು ಬಗ್ಗಿಸುತ್ತಿದ್ದಳು, ಸೌಟಿನ ಕೆಳಗೆ ಅರಿಸಿನದ ದಾರ ಕಟ್ಟಿದ ಕ್ಯಾರಿಯರ್ ಹಿಡಿದು ಕೂತಿದ್ದವನು ಚಿಕ್ಕವೆಂಕಟಪ್ಪ.